ಇಂಜಿನಿಲ್ಲದ ಗೂಡ್ಸು ಬಂಡಿ

ಹಳೆಯ ವಿದ್ಯಾರ್ಥಿನಿಯರು ತಂತಮ್ಮ ಗೃಹಕೃತ್ಯಗಳ ನಡುವೆ ಬೆಳೆಸಿಕೊಂಡು ಬಂದ ಯಾವುದಾದರೊಂದು ಹವ್ಯಾಸದ ವಿಷಯವಾಗಿ ಈ ಸ್ಮರಣ ಸಂಚಿಕೆಗೆ ಬರೆಯತಕ್ಕದ್ದೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ನಾವು ಅಕ್ಕತಂಗಿಯರಿಬ್ಬರೂ ಬಹಳ ದಿವಸ ಅನುಮಾನಿಸಿದೆವು. ಹೊಲಿಗೆ, ಕಸೂತಿ, ಹೂದೋಟ, ಸಂಗೀತ ಇವುಗಳಲ್ಲಿ ಹೇಳಿಕೊಳ್ಳುವಂಥ ನೈಪುಣ್ಯವು ನಮಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಕಸೂತಿಯನ್ನು ಕಂಡು ಮಿಸ್ಸಮ್ಮನವರು ನಕ್ಕದ್ದನ್ನು ನಮ್ಮ ಓರಗೆಯವರು ಮರೆತಿರಲಾರರು. ನಮ್ಮ ಮನೆಯಲ್ಲಿ ಇರುವುದು ಒಂದೇ ವಸ್ತು: ಆಟದ ರೈಲಿನ ಹಳೆಯ ಸರಕು ಡಬ್ಬಿಗಳು. ಅವುಗಳ ಸಂಖ್ಯೆ ಈ ಹೊತ್ತಿಗೆ 143. ಎರಡು ಗಾಜಿನ ಬೀರುಗಳನ್ನು ತುಂಬಿ, ಮೂರನೆಯದಕ್ಕೆ ಕಾದಿರುವ ಈ ಡಬ್ಬಿಗಳಲ್ಲಿ ಒಂದಾದರೂ ಶ್ರೀಮಂತರ ಮಕ್ಕಳಿಗಾಗಿ ಮಾಡಿದ್ದಲ್ಲ. ಎಲ್ಲವೂ ಅಗ್ಗದವು; ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವ ತಂದೆಯು ಹಬ್ಬಕ್ಕೊಂದರಂತೆ ತನ್ನ ಮಗುವಿಗೆ ತಂದುಕೊಡಬಹುದಾದಂಥವು.

ಇದರ ವಿಷಯ ಬರೆಯುವುದಾದರೆ ಇನ್ನೊಂದನ್ನೂ ಬರೆಯಬೇಕಾಗುವದು; ಅದೇ ನಮ್ಮ ಅನುಮಾನಕ್ಕೆ ಕಾರಣ. ಅದು ಬರುವಲ್ಲಿ ಬರಲಿ.

ನಾವು ವಾಸವಾಗಿರುವುದು ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ. ಇದು ನಮ್ಮ ತಾಯಿಯವರ ತೌರೂರು. ನಾವು ಬೇಸಿಗೆಯ ರಜೆಗೆ ಇಲ್ಲಿಗೆ ಬರುತ್ತಿದ್ದ ಕಾಲದಲ್ಲಿ ಕೆರೆಯೂ, ರಾಗಿಯ ಹೊಲಗಳೂ, ಹೊಲದ ಬದುವಿನ ಹೊಂಗೆಮರಗಳೂ ಊರೆಂಬುದಾಗಿತ್ತು. 1978ರಲ್ಲಿ ಸ್ವಲ್ಪ ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ ತರುವಾಯ ರಾಗಿಯ ಹೊಲಗಳು ಒಂದೊಂದಾಗಿ ಮಾಯವಾದವು. 2010ರಲ್ಲಿ ನಮ್ಮ ತಲೆಯ ಮೇಲೆ ಮೇಲುರಸ್ತೆಯು ಬಂದಿತು. 2025ನೆಯ ಇಸವಿ ಆಗಸ್ಟ್ 10ರಿಂದ ಮೆಟ್ರೋದ ಹಳದಿ ಮಾರ್ಗವೂ ಓಡುತ್ತಲಿದೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ 16 ನಿಲ್ದಾಣಗಳಲ್ಲಿ ಒಂದಕ್ಕೆ ನಮ್ಮೂರಿನ ಹೆಸರೇ ಇದೆ. ಅಂತೂ ಹೊಲದಲ್ಲಿ ನಿಂತು ದಾರದಿಂದ ತಗಡಿನ ಬಂಡಿಯನ್ನೆಳೆದ ಹುಡುಗಿಯರ ಮನೆಯ ಬಳಿಗೇ ಮುದಿಪ್ರಾಯದಲ್ಲಿ ರೈಲು ಬಂದುಬಿಟ್ಟಿತು! ಆದರೆ ಮೆಟ್ರೋಗೆ ಸರಕಿನ ಡಬ್ಬಿಯಿಲ್ಲ. ಆದಕಾರಣ ಅದನ್ನು ನಾವು ಅರ್ಧ ಮನಸ್ಸಿನಿಂದಲೇ ನೋಡುತ್ತೇವೆ. ನಿಜವಾದ ಗೂಡ್ಸು ಗಾಡಿಯನ್ನು ನೋಡಬೇಕೆನಿಸಿದಾಗ ಆಟೋ ಹಿಡಿದು ಸೇಲಂ ಹಾದಿಯ ಹೀಲಲಿಗೆ ನಿಲ್ದಾಣಕ್ಕೆ ಹೋಗಿ, ಬೆಂಚಿನ ಮೇಲೆ ಕೂತು, ಡಬ್ಬಿಗಳನ್ನು ಎಣಿಸಿ ಬರುತ್ತೇವೆ. ಇಬ್ಬರ ಎಣಿಕೆಯೂ ಸರಿಹೋಗುವುದು ಅಪರೂಪ.

ನಮ್ಮ ತಂದೆಯವರು ದಕ್ಷಿಣ ರೈಲ್ವೆಯಲ್ಲಿ ಗೂಡ್ಸು ಗುಮಾಸ್ತರಾಗಿದ್ದರು. ಬೆಂಗಳೂರಿನಲ್ಲಿ ಆಗ ಎರಡು ಅಳತೆಯ ಹಳಿಗಳು ಸಂಧಿಸುತ್ತಿದ್ದವು. ಮದರಾಸಿನ ಕಡೆಯಿಂದ ಬರುವ ಅಗಲ ಹಳಿ, ಮೈಸೂರು ಅರಸೀಕೆರೆಗಳ ಕಡೆಯಿಂದ ಬರುವ ಮೀಟರು ಹಳಿ. ಒಂದರ ಡಬ್ಬಿ ಮತ್ತೊಂದರ ಮೇಲೆ ಓಡಲಾರದಾದ್ದರಿಂದ ಮೂಟೆಗಳನ್ನೆಲ್ಲಾ ಹಮಾಲರು ಹೆಗಲಿನ ಮೇಲೆ ಹೊತ್ತು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕಬೇಕಾಗಿತ್ತು. ತಂದೆಯವರು ಸಂಜೆ ಮನೆಗೆ ಬಂದರೆ ಅವರ ಅಂಗಿಯ ವಾಸನೆಯಿಂದಲೇ ಅಂದು ಬೆಲ್ಲ ಬಂದಿತ್ತೋ, ಒಣಮೆಣಸಿನಕಾಯಿ ಬಂದಿತ್ತೋ, ಕಾಫಿ ಬಂದಿತ್ತೋ ತಿಳಿಯುತ್ತಿದ್ದಿತು.

ನಮ್ಮ ಬಿಡಾರದ ಎದುರು ಸಾಲಿನಲ್ಲಿ ಆಂಗ್ಲೋ ಇಂಡಿಯನ್ ಜನಾಂಗದ ಡ್ರೈವರೊಬ್ಬರ ಸಂಸಾರವಿತ್ತು. ಅವರ ಬಂಧುಗಳಲ್ಲಿ ಕೆಲವರು ವೈಟ್‌ಫೀಲ್ಡಿನವರು. ಡಿ. ಎಸ್. ವೈಟ್ ಎಂಬವರು 1882ರಲ್ಲಿ ಮೈಸೂರು ಮಹಾರಾಜರಿಂದ ಭೂಮಿಯನ್ನು ಪಡೆದು ತಮ್ಮ ಜನಾಂಗದವರಿಗಾಗಿ ಸ್ಥಾಪಿಸಿದ ಆ ಹಳ್ಳಿಗೆ ಈಗ ಗಣಕಯಂತ್ರದ ಕಂಪೆನಿಗಳಿಂದ ಬೇರೆಯೇ ಕೀರ್ತಿ ಬಂದಿದೆ. ಆದರೆ ಅಲ್ಲಿನ ಕಂಟೇನರ್ ಡಿಪೋವಿನಲ್ಲಿ ಸರಕುಬಂಡಿಗಳ ವ್ಯವಹಾರ ಮಾತ್ರ ನಿಂತಿಲ್ಲವೆಂಬುದು ನಮಗೆ ಸಮಾಧಾನ. 1961ರಲ್ಲಿ ಈ ಸಂಸಾರವು ಇಂಗ್ಲೆಂಡಿಗೆ ಹೊರಟಿತು. ಮೇಜು, ಕುರ್ಚಿ, ಪಿಯಾನೋ, ಕೋಳಿಯ ಗೂಡು ಎಲ್ಲವನ್ನೂ ವರಾಂಡದಲ್ಲಿಟ್ಟು ಮಾರಿದರು. ಅವರ ಮಗನ ಕೀಲಿ ಕೊಡುವ ರೈಲಿನ ಇಂಜಿನನ್ನೂ ಹಳಿಗಳನ್ನೂ ದಂಡಿನ ವ್ಯಾಪಾರಿಯೊಬ್ಬನು ಮೊದಲೇ ಕೊಂಡುಹೋಗಿದ್ದನು. ಡಬ್ಬಿಗಳು ಸೊಟ್ಟವಾಗಿವೆಯೆಂದು ಬಿಟ್ಟುಹೋಗಿದ್ದನು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಉಳಿದಿದ್ದ ಏಳು ಸರಕು ಡಬ್ಬಿಗಳನ್ನು ತಂದೆಯವರು 5 ರೂಪಾಯಿಗೆ ತಂದರು. ತಾಯಿಯವರು ಆ ರಾತ್ರಿ ತಂದೆಯವರ ಸಂಗಡ ಮಾತಾಡಲಿಲ್ಲ. 5 ರೂಪಾಯಿ ಆಗ ಸಣ್ಣ ಮೊತ್ತವಲ್ಲ. ಹಿರಿಯಳಿಗೆ 8 ವರ್ಷ, ಕಿರಿಯಳಿಗೆ 6.

ಹೀಗೆ ನಮ್ಮ ರೈಲಿಗೆ ಮೊದಲಿನಿಂದಲೂ ಇಂಜಿನಿಲ್ಲ. ಮರುವರ್ಷ ತಾಯಿಯವರೇ ಮನಸ್ಸು ಕರಗಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಇಂಜಿನೊಂದನ್ನು ಕೊಡಿಸಿದರು. ಹಾಲೆಮರದ ಹಗುರವಾದ ಆ ಕೆಂಪು ಇಂಜಿನಿಗೂ ತಗಡಿನ ಡಬ್ಬಿಗಳಿಗೂ ಯಾವ ವಿಧದ ಸಾಮ್ಯವೂ ಇರಲಿಲ್ಲ. ಅದನ್ನು ದಾರದಿಂದ ಕಟ್ಟಿ ಎಳೆದೆವು. ಇಂದಿಗೂ ಅದೇ ನಮ್ಮ ಇಂಜಿನು.

ತಂದೆಯವರು ಆ ಏಳು ಡಬ್ಬಿಗಳಿಂದಲೇ ನಮಗೆ ತಮ್ಮ ಕಸುಬಿನ ಪಾಠ ಹೇಳಿದರು. ಮೇಲು ಮುಚ್ಚಿದ ಡಬ್ಬಿಯಲ್ಲಿ ಮಳೆ ತಾಕಬಾರದ ಧಾನ್ಯ, ಸಕ್ಕರೆ, ತೆರೆದ ಡಬ್ಬಿಯಲ್ಲಿ ಕಲ್ಲಿದ್ದಲು, ಕಲ್ಲು, ತೊಟ್ಟಿಯಲ್ಲಿ ಎಣ್ಣೆ, ಸಂದುಳ್ಳ ಹಲಗೆಯ ಡಬ್ಬಿಯಲ್ಲಿ ದನ. ಡಬ್ಬಿಗೆ ಸರಕು ತುಂಬಿ, ಬಾಗಿಲಿಗೆ ಮುದ್ರೆ ಹಾಕಿ, ಎಲ್ಲಿಂದ ಎಲ್ಲಿಗೆ ಎಂಬ ಚೀಟಿಯನ್ನು ಪಕ್ಕಕ್ಕೆ ಸಿಕ್ಕಿಸಿದ ಮೇಲೆ ಅದು ಯಾರ ಸ್ವತ್ತೂ ಅಲ್ಲ, ರೈಲ್ವೆಯ ಜವಾಬ್ದಾರಿ ಎಂದು ಅವರು ಹೇಳುತ್ತಿದ್ದರು. ಕಟ್ಟಕಡೆಯದು ಗಾರ್ಡಿನ ಬ್ರೇಕ್‌ವ್ಯಾನು. ಅದರ ಬೆನ್ನಿಗೆ ಇಂಗ್ಲಿಷಿನ ಎಲ್ ಮತ್ತು ವಿ ಅಕ್ಷರಗಳ ಫಲಕ, ಅಂದರೆ ಕೊನೆಯ ಡಬ್ಬಿ ಎಂಬ ಗುರುತು. ರಾತ್ರಿಯಾದರೆ ಕೆಂಪು ದೀಪ. ಗಾಡಿಯು ದಾಟಿಹೋಗುವಾಗ ಸ್ಟೇಷನ್ನಿನವರು ಆ ಗುರುತನ್ನು ಕಣ್ಣಾರೆ ಕಾಣಬೇಕು. ಕಾಣದಿದ್ದರೆ ಕೊಂಡಿ ಕಳಚಿ ಕೆಲವು ಡಬ್ಬಿಗಳು ಹಿಂದಿನ ಹಾದಿಯಲ್ಲೇ ನಿಂತಿವೆಯೆಂದು ತಿಳಿದು, ಅದು ಇತ್ಯರ್ಥವಾಗುವವರೆಗೆ ಹಿಂದಿನ ಗಾಡಿಗೆ ದಾರಿ ಬಿಡುವಂತಿಲ್ಲ. ನಮ್ಮ ಏಳರಲ್ಲಿ ಬ್ರೇಕ್‌ವ್ಯಾನೇ ಚೆಲುವಾದದ್ದು. ಅದರ ಎರಡು ಪಕ್ಕದ ಬಾಗಿಲುಗಳೂ ತೆರೆದು ಮುಚ್ಚುತ್ತಿದ್ದವು. (ಗಾರ್ಡು ಎಂಬ ಪದವಿಯ ಹೆಸರನ್ನು ರೈಲ್ವೆಯವರು 2022ರ ಜನವರಿಯಲ್ಲಿ ಟ್ರೈನ್ ಮ್ಯಾನೇಜರೆಂದು ಬದಲಾಯಿಸಿದರು. ನಮ್ಮ ಬಾಯಿಗೆ ಗಾರ್ಡೇ ರೂಢಿ.)

ಅಗ್ಗದ ಡಬ್ಬಿಯೆಂದರೆ ಏನು, ಅದರಲ್ಲಿ ಕೂಡಿಸಿಡತಕ್ಕದ್ದೇನಿದೆ ಎಂದು ನಮ್ಮ ನೆರೆಯವರು ಕೇಳುವುದುಂಟು. ಅವರಿಗೆ ನಾವು ಕೊಡುವ ಉತ್ತರ ಉದ್ದವಾದ್ದರಿಂದ ಅವರು ಎರಡನೆಯ ಸಲ ಕೇಳುವುದಿಲ್ಲ. ವಾಚಕಿಯರು ಸ್ವಲ್ಪ ತಾಳ್ಮೆ ವಹಿಸಬೇಕು.

ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬವರು 1920ರಲ್ಲಿ ಕೀಲಿ ಕೊಡುವ ತಗಡಿನ ರೈಲುಗಳನ್ನು ಮಾರಾಟಕ್ಕೆ ತಂದರು. ಹಳಿಯ ಅಗಲ 32 ಮಿಲಿಮೀಟರು. ಅವರ ಒಳ್ಳೆಯ ಡಬ್ಬಿಗಳ ಕೆಳಗೆ ಎಂ ಎಂಬ ಅಕ್ಷರದ ಅಗ್ಗದ ಸಾಲೊಂದಿತ್ತು. ಅದಕ್ಕೂ ಕೆಳಗೆ ಬ್ರಿಮ್‌ಟಾಯ್, ಅಮೆರಿಕದ ಮಾರ್ಕ್ಸ್ ಮುಂತಾದವರ ಸಾಮಾನು. ಇವುಗಳ ಗುಟ್ಟು ಬಹಳ ಸುಲಭ. ಚಪ್ಪಟೆ ತಗಡಿನ ಮೇಲೆ ಹಲಗೆ, ಮೊಳೆ, ಬೀಗ, ಕಂಪೆನಿಯ ಹೆಸರು ಎಲ್ಲವನ್ನೂ ಬಣ್ಣದಲ್ಲಿ ಅಚ್ಚುಹಾಕಿ, ಆಮೇಲೆ ಕತ್ತರಿಸಿ ಮಡಿಸಿ, ಕಿವಿಗಳನ್ನು ಸಂದಿನಲ್ಲಿ ತೂರಿಸಿ ಬಗ್ಗಿಸಿಬಿಡುವುದು. ಬೆಸುಗೆಯೂ ಬೇಡ, ತಿರುಪೂ ಬೇಡ. ಒಂದೇ ಅಚ್ಚಿನ ಪೆಟ್ಟಿಗೆಯು ಬಣ್ಣದ ಬದಲಾವಣೆಯಿಂದ ಇಂದು ಹಾಲಿನ ಬಂಡಿ, ನಾಳೆ ಬಿಸ್ಕತ್ತಿನ ಬಂಡಿ. ಬಡವರ ಮನೆಯಲ್ಲಿ ಒಂದೇ ಸೀರೆಯು ತಿರುವಿ ಉಟ್ಟು ಎರಡಾಗುವಂತೆ. ನಮಗೆ ಇದರಲ್ಲಿ ಅವಮಾನ ತೋರದೆ ಜಾಣ್ಮೆಯೇ ತೋರುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ಕಿನ ಕಾಲ ಬಂದಿತು. ಇಂಗ್ಲೆಂಡಿನ ಟ್ರೈಆಂಗ್, ಇಟಲಿಯ ವಿಚೆಂಜಾ ಪಟ್ಟಣದಲ್ಲಿ 1946ರಲ್ಲಿ ಆರಂಭವಾದ ಲೀಮಾ, ಅಮೆರಿಕದ ಟೈಕೋ, ಬಾಕ್‌ಮನ್, ಲೈಫ್‌ಲೈಕ್ ಇವರು ಸಣ್ಣ ಡಬ್ಬಿಗಳನ್ನು ಎಲ್ಲರ ಕೈಗೆಟಕುವ ಬೆಲೆಗೆ ಮಾಡಿದರು. ಕೊಂಡಿಯನ್ನು ಡಬ್ಬಿಯ ಮೈಗೆ ಹಾಕದೆ ಗಾಲಿಯ ಚೌಕಟ್ಟಿಗೇ ಸೇರಿಸಿದರು. ಆದಕಾರಣ ಊಟದ ಮೇಜಿನ ಮೇಲಿನ ಬಹಳ ಇಕ್ಕಟ್ಟಾದ ತಿರುವಿನಲ್ಲಿಯೂ ಅವು ಹಳಿ ತಪ್ಪುವುದಿಲ್ಲ. ಗಾಲಿಯ ಅಂಚು ಆಳ. ಮಗುವಿನ ಒರಟು ಕೈಗೆ ಅದೇ ಯೋಗ್ಯ. ಕಂಪೆನಿಗಳು ಮುಳುಗಿದರೂ ಅಚ್ಚುಗಳು ಸಾಯಲಿಲ್ಲ. ಕಿಟ್‌ಮಾಸ್ಟರಿನ ಅಚ್ಚುಗಳು 1962ರಲ್ಲಿ ಏರ್‌ಫಿಕ್ಸಿಗೆ ಹೋದವು, ಅಲ್ಲಿಂದ ಡಾಪೋಲ್ ಎಂಬವರಿಗೆ. ಲೀಮಾವು ದಿವಾಳಿಯಾದ ಮೇಲೆ 2004ರಲ್ಲಿ ಅದನ್ನು ಹಾರ್ನ್‌ಬಿಯವರೇ ಕೊಂಡರು. ಹೀಗೆ ಒಂದು ಡಬ್ಬಿಯ ತಳವನ್ನು ಮಗುಚಿ ಅಲ್ಲಿನ ಹೆಸರನ್ನು ಓದುವುದು ನಮಗೆ ಜಾತಕ ಓದಿದಂತೆ.

ಈ ಸಣ್ಣ ಡಬ್ಬಿಗಳ ಅಳತೆಯಲ್ಲಿ ಒಂದು ವಿನೋದವುಂಟು. ಬ್ರಿಟಿಷರ ಇಂಜಿನುಗಳು ಸಣ್ಣವಾದ್ದರಿಂದ ಅಂದಿನ ಮೋಟಾರು ಅವುಗಳ ಹೊಟ್ಟೆಯಲ್ಲಿ ಹಿಡಿಸಲಿಲ್ಲವಂತೆ. ಅದಕ್ಕಾಗಿ ಅಡಿಗೆ ಮೂರೂವರೆ ಮಿಲಿಮೀಟರಿನ ಲೆಕ್ಕದ 16.5 ಮಿಲಿಮೀಟರು ಹಳಿಯ ಮೇಲೆ ಅಡಿಗೆ 4 ಮಿಲಿಮೀಟರಿನ ಲೆಕ್ಕದ ಬಂಡಿಯನ್ನು ಕೂರಿಸಿದರು. ಲೆಕ್ಕ ಹಾಕಿದರೆ ಅಲ್ಲಿಯ ಹಳಿಯು 4 ಅಡಿ ಎಂಟೂವರೆ ಅಂಗುಲಕ್ಕೆ ಬದಲಾಗಿ 4 ಅಡಿ ಒಂದೂವರೆ ಅಂಗುಲವಾಗುತ್ತದೆ! ನಮ್ಮ ದೇಶದ ಅಗಲ ಹಳಿ 5 ಅಡಿ 6 ಅಂಗುಲ. ಇದೇ 4 ಮಿಲಿಮೀಟರಿನ ಲೆಕ್ಕದಲ್ಲಿ 22 ಮಿಲಿಮೀಟರು ಬೇಕು. ಆದಕಾರಣ ಭಾರತದ ಡಬ್ಬಿಯನ್ನು ಪೇಟೆಯ ಹಳಿಯ ಮೇಲೆ ನಿಲ್ಲಿಸಿದರೆ ದಪ್ಪ ದೇಹದ ಗೃಹಿಣಿಯು ಮಗಳ ಚಪ್ಪಲಿಯನ್ನು ಮೆಟ್ಟಿದಂತೆ ಕಾಣುವದು. ಪುಣೆಯ ಕೋಥರೂಡಿನಲ್ಲಿ ಜೋಶಿಯವರು 1998ರಲ್ಲಿ ತೆರೆದ ಕಿರುರೈಲುಗಳ ವಸ್ತುಸಂಗ್ರಹಾಲಯವನ್ನು ನೋಡಲು ನಾವು 2004ರಲ್ಲಿ ಹೋಗಿದ್ದೆವು. ಅಲ್ಲಿನ ರೈಲುಗಳೂ ದೀಪಗಳೂ ಅತಿ ರಮಣೀಯ. ನೋಡಿ ಸಂತೋಷಪಟ್ಟು, ನಮ್ಮ ಸೊಟ್ಟ ಡಬ್ಬಿಗಳ ಬಳಿಗೆ ಹಿಂದಿರುಗಿ ಇನ್ನೂ ಹೆಚ್ಚು ಸಂತೋಷಪಟ್ಟೆವು. ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ವಸ್ತುಸಂಗ್ರಹಾಲಯಕ್ಕಂತೂ ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಜನರೆಲ್ಲರೂ ಮಹಾರಾಣಿಯವರ 1899ರ ಸಲೂನನ್ನು ನೋಡುತ್ತಿರುವಾಗ ನಾವು ಬೇರೆ ಬಂಡಿಗಳ ಕೊಂಡಿಗಳನ್ನು ಬಗ್ಗಿ ನೋಡುತ್ತಿದ್ದುದರಿಂದ ಕಾವಲುಗಾರನಿಗೆ ಒಮ್ಮೆ ಸಂಶಯವೂ ಬಂದಿತ್ತು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯುತ್ತಿರುವಾಗ ಅಮೆರಿಕದ ಲಯನಲ್ ಕಂಪೆನಿಯ ಒಂದು ಕಥೆಯನ್ನು ಬಿಡಬಾರದು. ರೈಲಿನ ಆಟ ಗಂಡುಮಕ್ಕಳದೆಂದು ತಿಳಿದಿದ್ದ ಅವರಿಗೆ 1957ರಲ್ಲಿ ಹೆಣ್ಣುಮಕ್ಕಳಿಗೂ ಮಾರಬಹುದೆಂದು ಹೊಳೆಯಿತು. ಅದಕ್ಕಾಗಿ ಅವರು ಮಾಡಿದ್ದೇನೆಂದರೆ, ಗುಲಾಬಿ ಬಣ್ಣದ ಇಂಜಿನು. ಅದರ ಹಿಂದೆ ತಿಳಿನೇರಳೆ, ತಿಳಿಹಳದಿ, ತಿಳಿನೀಲಿ ಬಣ್ಣಗಳ ಸರಕು ಡಬ್ಬಿಗಳು! ಅದನ್ನು ಕೊಂಡವರು ಬಹಳ ಕಡಮೆ. ರೈಲು ಬೇಕೆಂದ ಹುಡುಗಿಗೆ ರೈಲಿನಂಥ ರೈಲೇ ಬೇಕಾಗಿತ್ತು. ಮಾರಾಟವಾಗದೆ ಬಿದ್ದಿದ್ದ ಆ ರೈಲು ಈಗ ಸಂಗ್ರಹಕಾರರಲ್ಲಿ ಬಲು ದುಬಾರಿ, ನಮಗೆ ಎಟಕದು. ನಮ್ಮ ತಂದೆಯವರು ಮಸಿಬಣ್ಣದ, ತುಕ್ಕುಹಿಡಿದ ಡಬ್ಬಿಗಳನ್ನು ಹುಡುಗಿಯರಿಬ್ಬರ ಕೈಗೆ ಕೊಡುವಾಗ ಇವು ಹುಡುಗಿಯರಿಗೆ ಸಲ್ಲುವವೋ ಇಲ್ಲವೋ ಎಂದು ಒಮ್ಮೆಯೂ ವಿಚಾರಿಸಲಿಲ್ಲವೆಂಬುದನ್ನು ಈ ಕಥೆಯನ್ನು ಓದಿದಾಗಲೇ ನಾವು ಗಮನಿಸಿದ್ದು.

ಡಬ್ಬಿಗಳಿಗೂ ರೋಗಗಳುಂಟು. ಸತುವಿನ ಮಿಶ್ರಲೋಹದ ಅಚ್ಚಿನಲ್ಲಿ ಸೀಸದಂಥ ಕಶ್ಮಲವು ಸೇರಿದ್ದರೆ ಹಲವು ವರ್ಷಗಳ ತರುವಾಯ ಗಾಲಿಗಳು ತಾವಾಗಿಯೇ ಉಬ್ಬಿ, ಬಿರಿದು, ರಸ್ಕಿನಂತೆ ಪುಡಿಯಾಗುತ್ತವೆ, ಇದಕ್ಕೆ ಔಷಧಿಯಿಲ್ಲ. ಟ್ರೈಆಂಗಿನ ಮೊದಮೊದಲ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟಾದ್ದರಿಂದ ವರುಷ ಕಳೆದಂತೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ತಗಡಿಗೆ ನೀರೇ ಶತ್ರು. ನಾವು ಮೆದುವಾದ ಹಳೆಯ ಪಂಚೆಯ ತುಂಡಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಎರಡು ತೊಟ್ಟು ಹಾಕಿ ಒರಸುತ್ತೇವೆ, ಅಷ್ಟೇ. ಮರಳಿ ಬಣ್ಣ ಬಳಿಯುವುದು ನಮ್ಮಲ್ಲಿ ನಿಷಿದ್ಧ. ಯಾವ ಮಗುವಿನ ಹಲ್ಲಿನ ಗುರುತಾದರೂ ಅದು ಇದ್ದಂತೆ ಇರಲಿ.

ಇವುಗಳನ್ನು ಕೊಂಡದ್ದೆಲ್ಲಿ? ಬಹುಪಾಲು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ರಸ್ತೆಯಂಚಿನ ಗೋಣಿಯ ಮೇಲೆ ಹರಡಿದ ಮುರಿದ ಗಡಿಯಾರ, ಬೀಗ, ಕನ್ನಡಕಗಳ ನಡುವೆ. ಕೆಲವು ವೈಟ್‌ಫೀಲ್ಡಿನ ಹಳೆಯ ಮನೆಗಳು ಮಾರಾಟವಾದಾಗ. ಕೆಲವನ್ನು ನಮ್ಮ ಸೋದರಳಿಯನ ಹೆಂಡತಿ ಇಂಗ್ಲೆಂಡಿನಿಂದ ತಂದಳು. ಹೊರದೇಶದ ಆಟಿಕೆಗಳ ಮೇಲಿನ ಮೂಲ ಸುಂಕವು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿದ ಬಳಿಕ ನಾವು ಅಂಚೆಯ ಆಸೆಯನ್ನು ಬಿಟ್ಟು, ಊರಿಗೆ ಬರುವ ಬಂಧುಗಳ ಪೆಟ್ಟಿಗೆಯ ಮೂಲೆಯನ್ನೇ ನಂಬಿದ್ದೇವೆ. ಸ್ವದೇಶದ ಕೈಗಾರಿಕೆಗೆ ಇದರಿಂದ ಹಿತವಾದೀತು. ಚನ್ನಪಟ್ಟಣದವರಿಗೆ ಹಿತವಾದರೆ ನಮ್ಮ ದೂರಿಲ್ಲ.

ಈಗ ಆ ಇನ್ನೊಂದು ವಿಷಯ.

1967ರಲ್ಲಿ ನಮ್ಮ ಪಾಠಶಾಲೆಯಲ್ಲಿ ವಸ್ತುಪ್ರದರ್ಶನವಾಯಿತು. ಹಿರಿಯಳ ತರಗತಿಗೆ ಭೂಗೋಳದ ಮೇಜು. ವಿಷಯ, ಮೈಸೂರು ರಾಜ್ಯದ ವ್ಯಾಪಾರ. ನಮ್ಮ ಮನೆಯಲ್ಲಿ ಸರಕು ಡಬ್ಬಿಗಳಿವೆಯೆಂದು ತಿಳಿದು ಉಪಾಧ್ಯಾಯಿನಿಯವರು ಅವನ್ನು ತರಹೇಳಿದರು. ಹಸುರು ಬಟ್ಟೆಯ ಮೇಲೆ ಸುಣ್ಣದಿಂದ ಹಳಿಗಳನ್ನು ಬರೆದು, ಒಂದು ಡಬ್ಬಿಯಲ್ಲಿ ರಾಗಿ, ಒಂದರಲ್ಲಿ ಕಾಫಿಯ ಬೀಜ, ಒಂದರಲ್ಲಿ ಮಂಗಳೂರು ಹೆಂಚಿನ ಚೂರು, ಒಂದರಲ್ಲಿ ಭದ್ರಾವತಿಯ ಕಬ್ಬಿಣಕ್ಕಾಗಿ ಕೆಲವು ಮೊಳೆ, ಒಂದರಲ್ಲಿ ಗಂಧದ ಚಕ್ಕೆ, ತೊಟ್ಟಿಯಲ್ಲಿ ಒಂದು ಚಮಚ ಹರಳೆಣ್ಣೆ, ಹೀಗೆ ತುಂಬಿದೆವು. ಕೊನೆಗೆ ಬ್ರೇಕ್‌ವ್ಯಾನು. ಕಿರಿಯಳು ಬತ್ತಿಯ ತುದಿಗೆ ಕೆಂಪು ಮಸಿ ಹಚ್ಚಿ ಅದಕ್ಕೆ ದೀಪವನ್ನೂ ಮಾಡಿದ್ದಳು. ಬಂದವರೆಲ್ಲರೂ ಆ ಮೇಜನ್ನೇ ಮುತ್ತಿದರು.

ಹಿರಿಯಳ ತರಗತಿಯಲ್ಲಿ ಬೋರ್ಡಿಂಗಿನ ಒಬ್ಬ ಹುಡುಗಿಯಿದ್ದಳು. ದೂರದ ಹಳ್ಳಿಯವಳು, ಅಡಿಗೆಮನೆಯ ಕೆಲಸದಲ್ಲಿ ನೆರವಾಗಿ ಫೀಜಿನಲ್ಲಿ ರಿಯಾಯಿತಿ ಪಡೆದು ಓದುತ್ತಿದ್ದಳು. ಹೆಸರನ್ನು ಬರೆಯುವುದಿಲ್ಲ, ಓರಗೆಯವರಿಗೆ ಹೊಳೆದೀತು. ಆ ಬ್ರೇಕ್‌ವ್ಯಾನು ಅವಳಿಗೆ ಬಹಳ ಹಿಡಿಸಿತ್ತು. ಮಧ್ಯಾಹ್ನವೆಲ್ಲಾ ಅದರ ಬಾಗಿಲನ್ನು ಬೆರಳಿನ ತುದಿಯಿಂದ ತೆರೆಯುವುದು, ಒಳಗೆ ಇಣಿಕಿ ನೋಡುವುದು, ಮುಚ್ಚುವುದು. ಸಂಜೆ ಡಬ್ಬಿಗಳನ್ನು ಪೆಟ್ಟಿಗೆಗೆ ಹಾಕುವಾಗ ಆರೇ ಇದ್ದವು.

ಯಾರ ಮೇಲೆ ಅನುಮಾನವೆಂದು ನಮ್ಮನ್ನು ಕೇಳಿದರು. ನಮ್ಮಲ್ಲಿ ಒಬ್ಬಳು ಅವಳ ಹೆಸರನ್ನು ಹೇಳಿದಳು. ಇನ್ನೊಬ್ಬಳು ಅಹುದೆಂದು ತಲೆಯಾಡಿಸಿದಳು. ಹೇಳಿದವಳು ಯಾರು, ತಲೆಯಾಡಿಸಿದವಳು ಯಾರು ಎಂಬುದನ್ನು ಇಲ್ಲಿ ಬಿಡಿಸಿ ಬರೆಯಬೇಕೆಂದು ಒಬ್ಬಳೂ, ಬೇಡವೆಂದು ಒಬ್ಬಳೂ ಈ ವಾರವೆಲ್ಲಾ ವಾದಿಸಿದೆವು. ಕಡೆಗೆ ನಾವು ಎಂದೇ ಬರೆಯುತ್ತೇವೆ.

ರಾತ್ರಿಯ ಊಟಕ್ಕೆ ಮುಂಚೆ ಬೋರ್ಡಿಂಗಿನ ಹುಡುಗಿಯರೆಲ್ಲರ ಎದುರಿಗೆ ಅವಳ ತಗಡಿನ ಟ್ರಂಕನ್ನು ಬಿಚ್ಚಿಸಿದರಂತೆ. ನಾವು ಹಗಲಿನ ವಿದ್ಯಾರ್ಥಿನಿಯರಾದ್ದರಿಂದ ಕಣ್ಣಾರೆ ಕಾಣಲಿಲ್ಲ, ಮರುದಿವಸ ಕೇಳಿದೆವು. ಎರಡು ಲಂಗ, ಒಂದು ಹೊದಿಕೆ, ಬಾಚಣಿಗೆ, ಊರಿನಿಂದ ತಂದಿದ್ದ ಹುರಿಗಡಲೆಯ ಗಂಟು, ಅವಳ ತಾಯಿಯು ಬರೆಸಿದ ಮೂರು ಕಾಗದ. ಬ್ರೇಕ್‌ವ್ಯಾನಿರಲಿಲ್ಲ. ಆದರೂ ಅದನ್ನು ಬಾವಿಗೆ ಎಸೆದಳೆಂದೋ, ಊರಿಗೆ ಕಳುಹಿಸಿದಳೆಂದೋ ಮಾತು ನಿಲ್ಲಲಿಲ್ಲ. ನಾವೂ ನಿಲ್ಲಿಸಲಿಲ್ಲ. ಅವಳ ಬೆಂಚಿನಲ್ಲಿ ಕೂತುಕೊಳ್ಳುವವರು ಸ್ವಲ್ಪ ದೂರ ಸರಿದು ಕೂತರು. ಅವಳು ನಮ್ಮನ್ನು ಒಂದು ಮಾತನ್ನೂ ಕೇಳಲಿಲ್ಲ. ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ ಅವಳು ಹಿಂದಿರುಗಲಿಲ್ಲ.

ತಂದೆಯವರಿಗೆ ನಾವು ಬ್ರೇಕ್‌ವ್ಯಾನು ಕಳೆದ ಸಂಗತಿಯನ್ನು ಹೇಳಲಿಲ್ಲ; ಬೈಗುಳದ ಭಯ. ಪ್ರದರ್ಶನವಾದ ಎರಡನೆಯ ವಾರದಲ್ಲಿಯೇ ಅವರಿಗೆ ಅರಸೀಕೆರೆಗೆ ವರ್ಗವಾಯಿತು. ನಮ್ಮ ಓದಿನ ನಿಮಿತ್ತ ನಾವೂ ತಾಯಿಯವರೂ ಬೆಂಗಳೂರಿನಲ್ಲಿಯೇ ನಿಂತೆವು. ಡಬ್ಬಿಗಳ ಪೆಟ್ಟಿಗೆಯು ಅಟ್ಟಕ್ಕೆ ಏರಿತು.

ತಂದೆಯವರು 1998ರಲ್ಲಿ ಸಿಂಗಸಂದ್ರದ ಈ ಮನೆಯಲ್ಲಿಯೇ ತೀರಿಕೊಂಡರು. ಮರುವರ್ಷ ಅವರ ಕಚೇರಿಯ ತಗಡಿನ ಪೆಟ್ಟಿಗೆಯನ್ನು ಬಿಚ್ಚಿದೆವು. ಹಳೆಯ ಪಾಸುಗಳು, ಮುರಿದ ಮುದ್ರೆಯ ಇಕ್ಕಳ, ಕಾರ್ಬನ್ನಿನ ಹಾಳೆಗಳು. ಅವುಗಳ ಅಡಿಯಲ್ಲಿ ಕಂದು ಕಾಗದದ ಒಂದು ಪೊಟ್ಟಣ. ಹುರಿಯಿಂದ ಕಟ್ಟಿ, ಗಂಟಿಗೆ ಅರಗಿನ ಮುದ್ರೆ ಹಾಕಿ, ಡಬ್ಬಿಗೆ ಸಿಕ್ಕಿಸುವ ಚೀಟಿಯೊಂದನ್ನು ಅಂಟಿಸಿತ್ತು. ಎಲ್ಲಿಂದ ಎಂಬಲ್ಲಿ ಲೋಕೋ ಶೆಡ್ಡು, ಎಲ್ಲಿಗೆ ಎಂಬಲ್ಲಿ ಮನೆ, ಸರಕು ಎಂಬಲ್ಲಿ ಬ್ರೇಕ್‌ವ್ಯಾನು ಒಂದು, ರಿಪೇರಿ ಮಾಡಿದ್ದು. ತಾರೀಖು 1967ರದು. ಅಕ್ಷರ ತಂದೆಯವರದು.

ಪ್ರದರ್ಶನದ ಸಂಜೆ ತಂದೆಯವರು ಕೆಲಸ ಮುಗಿಸಿ ಶಾಲೆಗೆ ಬಂದು ಮೇಜನ್ನು ನೋಡಿ ಹೋಗಿದ್ದರೆಂಬುದು ಆಗ ನಮ್ಮ ನೆನಪಿಗೆ ಬಂದಿತು. ನಾವು ಆ ಹೊತ್ತಿನಲ್ಲಿ ಹಾಡಿನ ಗುಂಪಿನಲ್ಲಿದ್ದೆವು. ಹಿಂದಿನ ಗಾಲಿಯ ಕಡ್ಡಿ ಸಡಿಲವಾದುದನ್ನು ಕಂಡು ಅವರು ಅದನ್ನು ಜೇಬಿಗೆ ಹಾಕಿಕೊಂಡಿರಬೇಕು. ಬೆಸುಗೆ ಮಾಡಿಸಿ, ಸರಕಿನಂತೆ ಕಟ್ಟಿ, ನಮ್ಮನ್ನು ಬೆರಗುಗೊಳಿಸಬೇಕೆಂದಿರಬೇಕು. ಅಷ್ಟರಲ್ಲಿ ವರ್ಗದ ಅಪ್ಪಣೆ ಬಂದಿತು. ಬೆಸುಗೆಯು ಬಹಳ ಅಚ್ಚುಕಟ್ಟಾಗಿತ್ತು. ಬಾಗಿಲುಗಳು ಸಲೀಸಾಗಿ ತೆರೆದವು. ಒಳಗೆ ಬತ್ತಿಯ ಕೆಂಪು ದೀಪವೂ ಇತ್ತು.

ಅಂದು ಬಾಯಿ ಬಿಟ್ಟು ತಂದೆಯವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

2001ರಲ್ಲಿ ಶಾಲೆಗೆ ಹೋಗಿ, ಹಳೆಯ ದಾಖಲೆಯ ಪುಸ್ತಕದಿಂದ ಅವಳ ಊರನ್ನು ತಿಳಿದುಕೊಂಡು, ಬಸ್ಸು ಹಿಡಿದು ಹೋದೆವು. ಆ ಮನೆಯಲ್ಲಿ ಬೇರೆಯವರಿದ್ದರು. ಅವಳ ತಾಯಿಯು ಬಹಳ ಹಿಂದೆಯೇ ತೀರಿಕೊಂಡಳೆಂದೂ, ಅವಳನ್ನು ಎಲ್ಲಿಯೋ ಗಡಿಯಾಚೆಗೆ ಕೊಟ್ಟರೆಂದೂ ಒಬ್ಬ ಮುದುಕಿ ಹೇಳಿದಳು. ಯಾವ ಊರೆಂಬುದು ಅವಳಿಗೆ ನೆನಪಿರಲಿಲ್ಲ. ಶಾಲೆಯ ವಿಷಯ ಅವಳೇನಾದರೂ ಹೇಳುತ್ತಿದ್ದಳೋ ಎಂದು ಕೇಳಿದೆವು. ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು, ಯಾಕೋ ಮುಂದೆ ಓದಲೊಲ್ಲೆನೆಂದಳು ಎಂದಷ್ಟೇ ಮುದುಕಿ ಅಂದಳು. ಬರುವಾಗ ಬಸ್ಸಿನಲ್ಲಿ ನಾವು ಮಾತಾಡಲಿಲ್ಲ. ಆ ತರುವಾಯ ಇನ್ನೆರಡು ಸಲ ಬೇರೆ ಕಡೆಗಳಲ್ಲಿ ವಿಚಾರಿಸಿದೆವು, ಫಲವಾಗಲಿಲ್ಲ.

ಮನೆಗೆ ಬರುವ ಮಕ್ಕಳು ಬೀರುವನ್ನು ನೋಡಿ, ಈ ಮೊದಲ ಗಾಡಿಗೆ ಕೊನೆಯ ಡಬ್ಬಿ ಯಾಕಿಲ್ಲವೆಂದು ಕೇಳುತ್ತಾರೆ. ಬೇರೆ ಬ್ರೇಕ್‌ವ್ಯಾನುಗಳು ನಮ್ಮಲ್ಲಿ ಹನ್ನೊಂದಿವೆ. ಯಾವುದನ್ನೂ ಅಲ್ಲಿಗೆ ಸೇರಿಸಿಲ್ಲ. ಚನ್ನಪಟ್ಟಣದ ಕೆಂಪು ಇಂಜಿನು, ಅದರ ಹಿಂದೆ ಆರು ಡಬ್ಬಿಗಳು, ಅಲ್ಲಿಗೆ ಮುಗಿಯಿತು. ಏಳನೆಯದು ತಂದೆಯವರ ಚೀಟಿಯ ಸಮೇತ ಅದೇ ಕಂದು ಕಾಗದದಲ್ಲಿ ಬೇರೆಯಾಗಿದೆ. ಚೀಟಿಯಲ್ಲಿ ಎಲ್ಲಿಗೆ ಎಂಬಲ್ಲಿ ಇದ್ದ ಮನೆ ಎಂಬ ಮಾತನ್ನು ಹೊಡೆಯದೆ, ಅದರ ಕೆಳಗೆ ಅವಳ ಹೆಸರನ್ನು ಬರೆದಿದ್ದೇವೆ.

ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಕೈಯಿಂದ ಕೈಗೆ ದೂರದೂರಕ್ಕೆ ಹೋಗುವುದೆಂದು ಸಂಪಾದಕಿಯರು ಹೇಳಿದ್ದಾರೆ. ಅವಳು ಓದಿದರೆ, ಅಥವಾ ಅವಳ ಮಕ್ಕಳು ಮೊಮ್ಮಕ್ಕಳು ಓದಿ ಅವಳಿಗೆ ಹೇಳಿದರೆ, ನಮ್ಮ ವಿಳಾಸವು ಶಾಲೆಯ ಕಚೇರಿಯಲ್ಲಿದೆ. ಕ್ಷಮಿಸಲೇಬೇಕೆಂದು ನಾವು ಕೇಳುತ್ತಿಲ್ಲ. ಅವಳ ಸಂಗಡ ಓದಿದವರೆಲ್ಲರೂ ಇದನ್ನು ಓದಬೇಕೆಂದೇ ಇಲ್ಲಿ ಬರೆದೆವು, ಯಾಕಂದರೆ ಆ ಮಾತನ್ನು ಅಂದು ಕೇಳಿದವರು ಅವರು. ಹಳದಿ ಮಾರ್ಗದಲ್ಲಿ ಬಂದರೆ ಸಿಂಗಸಂದ್ರದ ನಿಲ್ದಾಣದಿಂದ ನಡೆಯುವಷ್ಟೇ ದೂರ. ಮಂಡಿನೋವಿನ ದೆಸೆಯಿಂದ ನಾವು ಈಗ ಭಾನುವಾರದ ಸಂತೆಗೂ ಹೋಗುವುದಿಲ್ಲ. ಯಾವ ದಿವಸ ಬಂದರೂ ಮನೆಯಲ್ಲಿಯೇ ಇರುತ್ತೇವೆ.